ಚೆಂಡು ಚಳ್ಳಕೆರೆಗೆ ಯಾಕೆ ಬರಲಿಲ್ಲ?

ಬೆಂಗಳೂರು ಫುಟ್‌ಬಾಲ್ ಲೀಗಿನಲ್ಲಿ ಆಡಿದ ತಂಡಗಳ ಹೆಸರನ್ನು ಒಂದು ಸಲ ಜೋರಾಗಿ ಓದಿ ನೋಡಿ. ಎಚ್‌ಎಎಲ್, ಐಟಿಐ, ಬಿಇಎಂಎಲ್, ಸಿಐಎಲ್, ಎಲ್‌ಆರ್‌ಡಿಇ, ಎಡಿಇ, ಎಂಇಜಿ, ಎಎಸ್‌ಸಿ, ರೈಲು ಗಾಲಿ ಕಾರ್ಖಾನೆ, ಅಕೌಂಟೆಂಟ್ ಜನರಲ್ ಕಚೇರಿ... ಫುಟ್‌ಬಾಲ್ ಲೀಗ್ ಅನ್ನುವುದಕ್ಕಿಂತ ಹಳೇ ಕಾಲದ ಟೆಲಿಫೋನ್ ಡೈರೆಕ್ಟರಿಯ ಸರ್ಕಾರಿ ಪುಟಗಳನ್ನು ಓದಿದ ಹಾಗಾಗುತ್ತೆ ಅಲ್ವಾ? ಇವೆಲ್ಲ ಒಂದೇ ವರ್ಷ ಒಟ್ಟಿಗೆ ಆಡಿದ ತಂಡಗಳಲ್ಲ. ಒಬ್ಬೊಬ್ಬರದು ಒಂದೊಂದು ಕಾಲ. ಆದರೆ ಯಾವ ಕಾಲದ ಪಟ್ಟಿ ತೆಗೆದರೂ ಅರ್ಧಕ್ಕರ್ಧ ಹೆಸರು ಯಾವುದೋ ಕಚೇರಿಯದ್ದೋ, ಕಾರ್ಖಾನೆಯದ್ದೋ, ಪಲ್ಟನ್ನಿನದ್ದೋ ಆಗಿರುತ್ತದೆ.

ಕಲ್ಕತ್ತದಲ್ಲಿ ಹೀಗಿಲ್ಲ. ಅಲ್ಲಿ 1889ರಲ್ಲಿ ಹುಟ್ಟಿದ ಮೋಹನ್ ಬಾಗಾನ್, 1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್, ಮೊಹಮ್ಮಡನ್ ಸ್ಪೋರ್ಟಿಂಗ್, ಎಲ್ಲಕ್ಕೂ ಒಂದು ಊರಿನ, ಕೇರಿಯ, ಜನದ ಗುರುತಿದೆ. ಅಪ್ಪ ಯಾವ ತಂಡಕ್ಕೆ ಕೂಗಿದನೋ ಮಗನೂ ಅದಕ್ಕೇ ಕೂಗಬೇಕು. ಗೋವಾದಲ್ಲಿ ಡೆಂಪೋ, ಸಾಲ್ಗಾಂವ್‌ಕರ್, ಸೇಸಾ ಅಂತ ಗಣಿ ಮಾಲೀಕರ ಹೆಸರುಗಳು. ಗೋವಾ ಈ ವಿಷಯದಲ್ಲಿ ಸ್ವಲ್ಪ ಬೆಂಗಳೂರಿಗೆ ಹತ್ತಿರ. ಬೆಂಗಳೂರಿನಲ್ಲಂತೂ ತಂಡ ಅಂದರೆ ಸಂಬಳ ಕೊಡುವವನು.

ನಾನು ಚಳ್ಳಕೆರೆ ಕಡೆಯವನು. ನಮ್ಮ ಕಡೆ ಫುಟ್‌ಬಾಲ್ ಅಂದರೆ ನಾಲ್ಕು ವರ್ಷಕ್ಕೊಮ್ಮೆ ವಿಶ್ವಕಪ್ ಬಂದಾಗ ಟಿವಿಯಲ್ಲಿ ಬರುವ ಆಟ. ಹುಡುಗರು ವಾಲಿಬಾಲ್ ಆಡುತ್ತಾರೆ, ಕಬಡ್ಡಿ, ಖೋಖೋ ಆಡುತ್ತಾರೆ, ಕ್ರಿಕೆಟ್ಟಂತೂ ಬಿಡಿ. ನಾನು ಓದಿದ ಹೈಸ್ಕೂಲಿನಲ್ಲಿ ಒಂದೇ ಒಂದು ಫುಟ್‌ಬಾಲ್ ಇತ್ತು, ಪಿ.ಟಿ. ಮೇಷ್ಟ್ರ ಬೀರುವಿನಲ್ಲಿ, ಗಾಳಿ ಇಲ್ಲದೆ. ಕೇಳಿದರೆ "ಹೊರಗೆ ತಂದ್ರೆ ಜಾಲಿ ಮುಳ್ಳು ಚುಚ್ಚುತ್ತೆ ಕಣ್ರೋ" ಅನ್ನುತ್ತಿದ್ದರು. ಬಳ್ಳಾರಿ ಜಾಲಿ ಬೆಳೆದ ನೆಲದ ಬಗ್ಗೆ ಗೊತ್ತಿದ್ದವರಿಗೆ ಅವರ ಮಾತಿನಲ್ಲಿ ಸುಳ್ಳಿಲ್ಲ ಅಂತಲೂ ಗೊತ್ತು.

ಆದರೆ ಪ್ರಶ್ನೆ ಮುಳ್ಳಿನದ್ದಲ್ಲ. ಬೆಂಗಳೂರಿನಿಂದ ಇನ್ನೂರು ಕಿಲೋಮೀಟರ್ ದೂರದಲ್ಲಿರುವ, ಅದೇ ಮೈಸೂರು ಸಂಸ್ಥಾನದಲ್ಲಿದ್ದ ಚಳ್ಳಕೆರೆ, ಮೊಳಕಾಲ್ಮೂರಿಗೆ ಈ ಆಟ ಯಾಕೆ ಬರಲಿಲ್ಲ? ಯಾರನ್ನು ಕೇಳಿದರೂ ಎರಡು ಉತ್ತರ ಸಿದ್ಧವಾಗಿರುತ್ತವೆ. ಒಂದು ಬಡತನ, ಇನ್ನೊಂದು ಬಿಸಿಲು. ಎರಡನ್ನೂ ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ದಂಡು ಮೊದಲು ಅಲ್ಲೇ ಬೀಡುಬಿಟ್ಟಿತ್ತು. ಆಮೇಲೆ ಅಲ್ಲಿನ ಹವೆ ಒಗ್ಗದೆ ಬೆಂಗಳೂರಿಗೆ ಬಂತು. 1809ರ ಹೊತ್ತಿಗೆ ಹಲಸೂರು ಕೆರೆಯ ಆಸುಪಾಸಿನಲ್ಲಿ ದಂಡುಪ್ರದೇಶ ಎದ್ದಿತು. ಒಂದು ಕಡೆ ಪೇಟೆ, ಇನ್ನೊಂದು ಕಡೆ ದಂಡು, ನಡುವೆ ಮುಂದೆ ಕಬ್ಬನ್ ಪಾರ್ಕ್ ಆದ ಜಾಗ. ದಂಡಿನ ಜೊತೆ ಬಂದವರು ಬರೀ ಸಿಪಾಯಿಗಳಲ್ಲ. ಮದ್ರಾಸ್ ಕಡೆಯಿಂದ ಬಂದ ಕೆಲಸಗಾರರು, ಅಡಿಗೆಯವರು, ಗಾರೆಯವರು, ಕುದುರೆ ನೋಡಿಕೊಳ್ಳುವವರು, ವ್ಯಾಪಾರಿಗಳು ಎಲ್ಲ ಬಂದರು. ತಮಿಳು, ದಖನಿ ಉರ್ದು, ತೆಲುಗು, ಇಂಗ್ಲಿಷು ಮಾತಾಡುವ ಊರದು. ಪರೇಡ್ ಮೈದಾನ ಇತ್ತು, ಸಂಜೆ ಹೊತ್ತು ಪಲ್ಟನ್ನುಗಳು ಚೆಂಡು ಒದೆಯುತ್ತಿದ್ದವು, ಬೇಲಿಯ ಆಚೆ ನಿಂತ ಹುಡುಗರು ನೋಡುತ್ತಿದ್ದರು. ಹೊರಗೆ ಬಂದ ಚೆಂಡನ್ನು ವಾಪಸ್ ಒದೆಯುವುದರಿಂದಲೇ ಆಟ ಶುರುವಾಗುತ್ತೆ ತಾನೆ.

ಅದೇ ಸೈನ್ಯಕ್ಕೆ ನಮ್ಮ ಕಡೆಯಿಂದ ಬೇಕಾಗಿದ್ದು ಬೇರೆ, ಎತ್ತು. ಚಿಕ್ಕದೇವರಾಜರ ಕಾಲದ 'ಬೆಣ್ಣೆ ಚಾವಡಿ'ಗೆ ಟಿಪ್ಪು ಅಮೃತಮಹಲ್ ಅಂತ ಹೆಸರಿಟ್ಟಿದ್ದು ನಿಮಗೆ ಗೊತ್ತಿರಬಹುದು. ತೋಪು ಎಳೆಯುವುದಕ್ಕೆ, ದಿನಸಿ ಸಾಗಿಸುವುದಕ್ಕೆ ಆ ತಳಿಯಂಥ ಎತ್ತು ಇನ್ನೊಂದಿಲ್ಲ ಅಂತ ಇಂಗ್ಲಿಷರೂ ಅದನ್ನು ಉಳಿಸಿಕೊಂಡರು. ಆ ದನಗಳು ಮೇಯಲು ಮೀಸಲಿಟ್ಟ ಹುಲ್ಲುಗಾವಲೇ ಕಾವಲು. ಚಿತ್ರದುರ್ಗ ಜಿಲ್ಲೆಯಲ್ಲಿ, ಅದರಲ್ಲೂ ಚಳ್ಳಕೆರೆ ತಾಲೂಕಿನಲ್ಲಿ, ಇಂಥ ಕಾವಲುಗಳು ಸಾವಿರಾರು ಎಕರೆ ಇದ್ದವು. ಅಂದರೆ ಸೈನ್ಯದ ಚೆಂಡು ಬೆಂಗಳೂರಿನಲ್ಲಿ ಉರುಳುತ್ತಿದ್ದಾಗ ಸೈನ್ಯದ ಎತ್ತು ನಮ್ಮಲ್ಲಿ ಮೇಯುತ್ತಿತ್ತು. ಮೈದಾನ ನಮ್ಮಲ್ಲೂ ಇತ್ತು, ಅಷ್ಟು ಸಮತಟ್ಟಾದ, ಅಷ್ಟು ದೊಡ್ಡ ಮೈದಾನ ಬೆಂಗಳೂರಿನಲ್ಲೇ ಇರಲಿಲ್ಲ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಬೆಂಗಳೂರು ಮುಸ್ಲಿಮ್ಸ್ ಅನ್ನುವ ತಂಡದ ಹೆಸರು ಎಷ್ಟು ಜನ ಕೇಳಿದ್ದೀರಿ? 1911ರಲ್ಲಿ ಮೋಹನ್ ಬಾಗಾನ್ ಬರಿಗಾಲಲ್ಲಿ ಆಡಿ ಇಂಗ್ಲಿಷ್ ಪಲ್ಟನ್ನನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದದ್ದು ಶಾಲೆಯ ಪಾಠದಲ್ಲೂ ಬರುತ್ತದೆ. ಆದರೆ ಬೊಂಬಾಯಿಯ ರೋವರ್ಸ್ ಕಪ್ ಅಂತ ಇನ್ನೊಂದಿತ್ತು, 1891ರಿಂದ. ಅದನ್ನು ವರ್ಷ ವರ್ಷವೂ ಗೋರಾ ಪಲ್ಟನ್ನುಗಳೇ ಹೊತ್ತುಕೊಂಡು ಹೋಗುತ್ತಿದ್ದವು. 1923ರಲ್ಲಿ ಮೋಹನ್ ಬಾಗಾನ್ ಫೈನಲ್‌ವರೆಗೂ ಹೋಗಿ ಸೋತು ಬಂತು. ಆ ಕಪ್ಪನ್ನು ಮೊದಲು ಗೆದ್ದ ಭಾರತೀಯ ತಂಡ ಕಲ್ಕತ್ತದ್ದಲ್ಲ, ನಮ್ಮ ಬೆಂಗಳೂರು ಮುಸ್ಲಿಮ್ಸ್. ವರ್ಷ 1937. ಫೈನಲ್‌ನಲ್ಲಿ ಸೋತದ್ದು ಯಾರು ಗೊತ್ತೆ, ಕಲ್ಕತ್ತ ಲೀಗನ್ನು 1934ರಿಂದ ಬಿಟ್ಟೂಬಿಡದೆ ಗೆಲ್ಲುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್. ಮರುವರ್ಷ 1938ರಲ್ಲಿ ಮತ್ತೆ ಗೆದ್ದರು. ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಮೂರನೇ ಸಲ.

ಮೋಹನ್ ಬಾಗಾನಿನ ಗೆಲುವಿನ ಬಗ್ಗೆ ಬಂಗಾಳಿಯಲ್ಲಿ ಎಷ್ಟು ಪುಸ್ತಕ, ಎಷ್ಟು ಸಿನಿಮಾ! ಬೆಂಗಳೂರು ಮುಸ್ಲಿಮ್ಸ್ ಬಗ್ಗೆ ಕನ್ನಡದಲ್ಲಿ ಓದಲು ಹುಡುಕಿದರೆ ಬೆರಳೆಣಿಕೆಯ ಲೇಖನ ಸಿಕ್ಕರೆ ಹೆಚ್ಚು. ಇದಕ್ಕೆ ಕಾರಣ ನನಗನ್ನಿಸಿದ್ದು ಹೀಗೆ: ಆಟ ನಡೆದದ್ದು ದಂಡಿನಲ್ಲಿ, ಕನ್ನಡ ಪತ್ರಿಕೆ, ಪುಸ್ತಕ, ನಾಟಕ ಎಲ್ಲ ಇದ್ದದ್ದು ಪೇಟೆ ಕಡೆ, ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದಲ್ಲಿ. ಎರಡೂ ಬೆಂಗಳೂರುಗಳು ಒಂದೇ ನಗರಪಾಲಿಕೆ ಆದದ್ದೇ 1949ರಲ್ಲಿ. ಆಡಿದವರು ಮನೆಯಲ್ಲಿ ತಮಿಳು, ಉರ್ದು ಮಾತಾಡುವವರು, ಬರೆಯುವವರು ಕನ್ನಡ ಬರೆಯುವವರು. ಇಬ್ಬರಿಗೂ ಭೇಟಿಯೇ ಆಗಲಿಲ್ಲ.

ಆ ಕಾಲದ ಒಬ್ಬ ಆಟಗಾರನ ಬಗ್ಗೆಯಾದರೂ ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಅಹ್ಮದ್ ಖಾನ್. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ಮನೆಯವರೆಲ್ಲ ಫುಟ್‌ಬಾಲಿಗರು. ಚೆಂಡು ಅವರ ಕಾಲಿಗೆ ಸಿಕ್ಕಿದರೆ ಎದುರಾಳಿಗಳು ನಿಂತಲ್ಲೇ ನಿಲ್ಲುತ್ತಿದ್ದರು ಅಂತ ಅವರಿಗೆ ಹಾವಾಡಿಗ ಅಂತಲೇ ಹೆಸರು ಬಿದ್ದಿತ್ತು. 1949ರಲ್ಲಿ ಕಲ್ಕತ್ತದ ಈಸ್ಟ್ ಬೆಂಗಾಲ್ ಸೇರಿ ಹತ್ತು ವರ್ಷ ಅಲ್ಲೇ ಆಡಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ, ಅಹ್ಮದ್ ಖಾನ್, ಈ ಐವರು ಮುಂಚೂಣಿ ಆಟಗಾರರನ್ನು ಕಲ್ಕತ್ತದ ಜನ ಪಂಚಪಾಂಡವರು ಅಂತ ಕರೆಯುತ್ತಿದ್ದರು. ಐವರೂ ದಕ್ಷಿಣದವರು! 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯ ನಮ್ಮನ್ನು 10-1ರಿಂದ ಬಡಿದು ಹಾಕಿತಲ್ಲ, ಆ ಒಂದು ಗೋಲು ಅಹ್ಮದ್ ಖಾನರದ್ದು. ಆ ಸೋಲಾದ ಮೇಲೆಯೇ ಬೂಟು ಕಡ್ಡಾಯವಾದದ್ದು. ಅದಕ್ಕೂ ಮುಂಚೆ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಜುಲೈ 31ರಂದು ಫ್ರಾನ್ಸ್ ವಿರುದ್ಧ ನಮ್ಮವರು ಬಹುಪಾಲು ಬರಿಗಾಲಲ್ಲೇ ಆಡಿದರು. ಎರಡು ಪೆನಾಲ್ಟಿ ಕೈತಪ್ಪಿ 1-2ರಿಂದ ಸೋತರು. ಆ ಪಂದ್ಯದಲ್ಲಿ ಭಾರತದ ಗೋಲು ಹೊಡೆದದ್ದು ಮೈಸೂರಿನ ಆಟಗಾರ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊಟ್ಟಮೊದಲ ಗೋಲು ಅದು. 2017ರ ಆಗಸ್ಟಿನಲ್ಲಿ ಅಹ್ಮದ್ ಖಾನ್ ತೀರಿಕೊಂಡಾಗ ತೊಂಬತ್ತು ವರ್ಷ ಆಗಿತ್ತು. ಬಂಗಾಳದ ಪತ್ರಿಕೆಗಳು ಅವರನ್ನು ತಮ್ಮವರೆಂದೇ ನೆನೆದವು.

ಹೆಸರು ನೋಡಿದ ತಕ್ಷಣ ನಮ್ಮವರು ಅಂತ ಅನ್ನಿಸುವ ಒಬ್ಬರು ಕೆಂಪಯ್ಯ. ಮಾರಿಯಪ್ಪ ಕೆಂಪಯ್ಯ. 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ಭಾರತ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ತಲುಪಿ ನಾಲ್ಕನೆಯದಾಗಿ ಬಂತಲ್ಲ, ಆ ತಂಡದಲ್ಲಿದ್ದವರು, 1960ರ ರೋಮ್‌ಗೂ ಹೋದವರು.

ಈಗ ಕಚೇರಿಗಳ ಕಥೆಗೆ ಬರೋಣ. ಎಚ್‌ಎಎಲ್ 1940ರಲ್ಲಿ ಶುರುವಾಯಿತು. ಐಟಿಐ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ, ಬಿಇಎಂಎಲ್ 1964ರಲ್ಲಿ. ಜೊತೆಗೆ ರಕ್ಷಣಾ ಇಲಾಖೆಯ ಪ್ರಯೋಗಾಲಯಗಳು. ಸಾವಿರಾರು ಜನ ಕೆಲಸ ಮಾಡುವ ಜಾಗ, ಕಾಲೊನಿ, ಕ್ಯಾಂಟೀನು, ಒಂದು ಕ್ರೀಡಾ ಸಮಿತಿ, ಒಂದು ಮೈದಾನ. ಕ್ರೀಡಾ ಕೋಟಾ ಅಂತ ಒಂದಿಷ್ಟು ಹುದ್ದೆ. ಚೆನ್ನಾಗಿ ಆಡುವ ಹತ್ತೊಂಬತ್ತು ವರ್ಷದ ಹುಡುಗನಿಗೆ ನೇಮಕಾತಿ ಪತ್ರ ಕೊಟ್ಟರೆ ಅವನು ತಂಡಕ್ಕೆ ಹತ್ತು ವರ್ಷ ಆಡುತ್ತಾನೆ, ಕಚೇರಿಗೆ ನಿವೃತ್ತಿಯವರೆಗೂ ದುಡಿಯುತ್ತಾನೆ. ಬೆಳಿಗ್ಗೆ ಅಭ್ಯಾಸ, ಆಮೇಲೆ ಹಾಜರಿ ಹಾಕಿ ಕೆಲಸ, ಪಂದ್ಯದ ದಿನ ಮಧ್ಯಾಹ್ನದ ಮೇಲೆ ರಜೆ. ಲೀಗಿನ ಪಂದ್ಯಗಳು ವಾರದ ದಿನಗಳಲ್ಲೇ ಮಧ್ಯಾಹ್ನ ನಡೆಯುತ್ತಿದ್ದುದರ ಗುಟ್ಟೇ ಇದು. ನೋಡುವವರಿಗೆ ಅನುಕೂಲವೋ ಇಲ್ಲವೋ, ಆಡುವವರಿಗಂತೂ ಅನುಕೂಲ :-)

ಹವ್ಯಾಸಿ ಲೀಗ್ ಅಂತ ನಾವು ಇದನ್ನು ಕರೆಯುತ್ತೇವೆ. ಕಾಗದದ ಮೇಲೆ ಅದು ನಿಜ, ಗೋಲು ಹೊಡೆದದ್ದಕ್ಕೆ ಯಾರೂ ಸಂಬಳ ಕೊಡುತ್ತಿರಲಿಲ್ಲ. ಆದರೆ ಗೋಲು ಹೊಡೆಯುವವನಿಗೆ ಮಾತ್ರ ಸಿಕ್ಕಿದ ಸಂಬಳ ಅದು. ಸಿ ಡಿವಿಜನ್, ಬಿ ಡಿವಿಜನ್, ಎ ಡಿವಿಜನ್, ಸೂಪರ್ ಡಿವಿಜನ್ ಅಂತ ಈ ಲೀಗಿಗೆ ಮೆಟ್ಟಿಲುಗಳಿವೆ. ಕೇರಿ ಹುಡುಗ ಕೆಳಗಿನ ಡಿವಿಜನ್ನಿನಲ್ಲಿ ತನ್ನ ಕೇರಿಯ ಕ್ಲಬ್ಬಿಗೆ ಆಡಿ, ಯಾರದ್ದಾದರೂ ಕಣ್ಣಿಗೆ ಬಿದ್ದು, ಮೇಲಿನ ಡಿವಿಜನ್ನಿನ ಕಾರ್ಖಾನೆ ತಂಡಕ್ಕೆ ಹೋಗುವುದು ಅಂದರೆ ಅಪ್ಪ ಅಮ್ಮನನ್ನು ಬಾಡಿಗೆ ಮನೆಯಿಂದ ಕ್ವಾರ್ಟರ್ಸಿಗೆ ಕರೆದುಕೊಂಡು ಹೋಗುವುದು. ಹೀಗಾಗಿ ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್, ನೀಲಸಂದ್ರದಂಥ ಕಡೆ ಪ್ರತಿ ಬೀದಿಯಲ್ಲೂ ಆಟಗಾರರು ತಯಾರಾದರು. ಸಾಫ್ಟ್‌ವೇರ್ ಬಂದ ಮೇಲೆ ಜಯನಗರದ ಹುಡುಗರೆಲ್ಲ ಇಂಜಿನಿಯರಿಂಗ್ ಸೀಟಿಗೆ ಬಿದ್ದರಲ್ಲ, ಹಾಗೆಯೇ. ಅದರಲ್ಲೇನು ವಿಶೇಷ?

ಹಲಸೂರಿನ ಹತ್ತಿರದ ಗೌತಮಪುರಕ್ಕೆ ಹೋದರೆ ಒಂದು ತಮಾಷೆ ನೋಡಬಹುದು. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಸಾಲಿನಲ್ಲೇ ಪೆಲೆ ಪ್ರತಿಮೆ ಇದೆ. ಪೆಲೆ 1977ರಲ್ಲಿ ಕಲ್ಕತ್ತಕ್ಕೆ ಬಂದು ಮೋಹನ್ ಬಾಗಾನ್ ವಿರುದ್ಧ ಆಡಿದ್ದು ನಿಜ, ಪ್ರತಿಮೆ ಮಾತ್ರ ಗೌತಮಪುರದಲ್ಲಿ. ಶ್ರೀಮಂತರ ಬಡಾವಣೆ ಅಲ್ಲ ಅದು. ಇಕ್ಕಟ್ಟಾದ ಮನೆಗಳು, ಇಕ್ಕಟ್ಟಾದ ಬೀದಿ. ಬಡತನದಿಂದ ಫುಟ್‌ಬಾಲ್ ಬರಲಿಲ್ಲ ಅನ್ನುವವರು ಒಮ್ಮೆ ಅಲ್ಲಿಗೆ ಹೋಗಿ ಬರಬೇಕು. ಆಸ್ಟಿನ್ ಟೌನಿನ ಕಾರ್ಲ್‌ಟನ್ ಚಾಪ್‌ಮನ್ ಭಾರತದ ನಾಯಕರಾದರು. 1993ರಲ್ಲಿ ಈಸ್ಟ್ ಬೆಂಗಾಲಿಗಾಗಿ ಇರಾಕಿನ ಅಲ್ ಝವ್ರಾ ವಿರುದ್ಧ ಮೂರು ಗೋಲು ಹೊಡೆದವರು. 2020ರ ಅಕ್ಟೋಬರಿನಲ್ಲಿ ಐವತ್ತು ತುಂಬುವ ಮುಂಚೆಯೇ ಹೋಗಿಬಿಟ್ಟರು.

ದಂಡಿನ ಆಚೆಗೆ ಈ ಆಟ ಬೇರು ಬಿಟ್ಟ ಇನ್ನೊಂದು ಊರು ಕೋಲಾರದ ಚಿನ್ನದ ಗಣಿ. ಸಿನಿಮಾದ ಕೆಜಿಎಫ್ ಅಲ್ಲ, ನಿಜವಾದದ್ದು. ಜಾನ್ ಟೇಲರ್ ಕಂಪನಿ 1880ರ ದಶಕದಲ್ಲಿ ಅಲ್ಲಿ ಗಣಿ ನಡೆಸಲು ಬಂತು, 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು, ಅದರ ಜೊತೆಗೇ ಇಂಗ್ಲಿಷರ ಕ್ಲಬ್ಬು, ಮೈದಾನ, ಚೆಂಡು. ಸುರಂಗದಲ್ಲಿ ಪಾಳಿ ಮುಗಿಸಿ ಬಂದವರು ಮೇಲೆ ಬಂದು ಫುಟ್‌ಬಾಲ್ ಆಡುತ್ತಿದ್ದರು. ಬೆಂಗಳೂರಿನ ತಂಡಗಳಿಗೆ ಅಲ್ಲಿಂದ ಆಟಗಾರರು ಬರುತ್ತಿದ್ದರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಗಣಿ ಇಲ್ಲ ಅಂದ ಮೇಲೆ ಗಣಿಯ ತಂಡ ಎಲ್ಲಿಂದ ಬರಬೇಕು.

ಈ ಲೀಗಿನ ಬಲ ಎಷ್ಟಿತ್ತು ಅನ್ನೋದಕ್ಕೆ ಸಂತೋಷ್ ಟ್ರೋಫಿ ಸಾಕ್ಷಿ. ರಾಜ್ಯ ರಾಜ್ಯಗಳ ನಡುವಿನ ಪಂದ್ಯಾವಳಿ ಅದು. ಮೈಸೂರು ಅದನ್ನು ನಾಲ್ಕು ಸಲ ಗೆದ್ದಿದೆ: 1946-47, 1952-53, 1967-68, 1968-69. ನಾಲ್ಕು ಸಲವೂ ಫೈನಲ್‌ನಲ್ಲಿ ಎದುರಿದ್ದದ್ದು ಬಂಗಾಳ. ಆಗ ಚಳ್ಳಕೆರೆ, ಮೊಳಕಾಲ್ಮೂರೂ ಮೈಸೂರೇ. ಮೊಳಕಾಲ್ಮೂರಂತೂ ಮದ್ರಾಸ್ ಪ್ರಾಂತ್ಯದೊಳಕ್ಕೆ ಚಾಚಿಕೊಂಡಿದ್ದ ಮೈಸೂರಿನ ಮೂಲೆ. ಲೆಕ್ಕದ ಪ್ರಕಾರ ಆ ನಾಲ್ಕು ಕಪ್ಪಿನಲ್ಲಿ ನಮಗೂ ಪಾಲಿದೆ. ಆದರೆ ಆಟಗಾರರು ಬಂದದ್ದು ದಂಡಿನ ಸುತ್ತಮುತ್ತಲಿನ ನಾಲ್ಕಾರು ಮೈಲಿಯಿಂದ. ನಮ್ಮ ಕಡೆಯಿಂದ ಬೆಂಗಳೂರಿಗೆ ಹೋಗುತ್ತಿದ್ದದ್ದು ಕಡಲೆಕಾಯಿ ಎಣ್ಣೆ, ಕಂಬಳಿ, ಮೊಳಕಾಲ್ಮೂರು ಸೀರೆ.

1973ರ ನವೆಂಬರ್ 1ಕ್ಕೆ ರಾಜ್ಯದ ಹೆಸರು ಕರ್ನಾಟಕ ಆಯಿತು. ತಮಾಷೆ ನೋಡಿ, ಹೆಸರು ಬದಲಾದ ಮೇಲೆ ಐವತ್ತು ವರ್ಷದ ಹತ್ತಿರ ಹತ್ತಿರ ಕಪ್ಪೇ ಬರಲಿಲ್ಲ. 1991ರ ಆಮೇಲೆ ಐಟಿಐಗೆ ಟೆಲಿಫೋನಿನ ಏಕಸ್ವಾಮ್ಯ ಹೋಯಿತು, ಎಚ್‌ಎಂಟಿಯ ಗಡಿಯಾರ ನಿಂತುಹೋಯಿತು, ಸರ್ಕಾರಿ ಕಾರ್ಖಾನೆಗಳು ಹೊಸಬರನ್ನು ತೆಗೆದುಕೊಳ್ಳುವುದನ್ನೇ ಕಡಿಮೆ ಮಾಡಿದವು. ಕಾರ್ಮಿಕ ನೇಮಕಾತಿಯೇ ಇಲ್ಲದಾಗ ಕ್ರೀಡಾ ಕೋಟಾ ಎಲ್ಲಿಂದ? 1938ರಲ್ಲಿ ಶುರುವಾಗಿ ದೇಶದ ದೊಡ್ಡ ತಂಡಗಳನ್ನೆಲ್ಲ ಬೆಂಗಳೂರಿಗೆ ಕರೆತರುತ್ತಿದ್ದ ಸ್ಟಾಫರ್ಡ್ ಕಪ್ ಕೂಡ ವರ್ಷಗಟ್ಟಲೆ ನಿಂತುಹೋಯಿತು. ತಂಡದಲ್ಲಿ ವಯಸ್ಸಾದವರು ಉಳಿದರು, ಗ್ಯಾಲರಿಯಲ್ಲಿ ಅವರಿಗಿಂತ ವಯಸ್ಸಾದವರು. ಬಿಟ್ಟುಕೊಡದೆ ನಿಂತದ್ದು ಎಚ್‌ಎಎಲ್. 2010ರಲ್ಲಿ ಐ-ಲೀಗಿಗೆ ಬಡ್ತಿ ಪಡೆದು ಎರಡು ಹಂಗಾಮು ಡೆಂಪೋ, ಚರ್ಚಿಲ್, ಈಸ್ಟ್ ಬೆಂಗಾಲ್ ಎದುರು ತನ್ನ ನೌಕರರನ್ನೇ ಹೆಚ್ಚಾಗಿ ಕಟ್ಟಿಕೊಂಡು ಆಡಿತು. ಎದುರಿನವರು ನೈಜೀರಿಯಾ, ಬ್ರೆಜಿಲ್ಲಿನಿಂದ ಆಟಗಾರರನ್ನು ತರುತ್ತಿದ್ದರು. 2011-12ರಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದು ಕೆಳಗಿಳಿಯಿತು. ಕಾರ್ಖಾನೆ ತಂಡಗಳ ಕಾಲ ಮುಗಿದದ್ದು ಅವತ್ತೇ ಅಂತ ನನಗನಿಸುತ್ತೆ. 2013ರಲ್ಲಿ ಬೆಂಗಳೂರು ಎಫ್‌ಸಿ ಬಂತು, ಅದೇ ಅಶೋಕನಗರದ ಸ್ಟೇಡಿಯಮ್ಮಿನಲ್ಲಿ ಆಡಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ವರೆಗೂ ಹೋಯಿತು. ಅದರ ಕಥೆ ನಿಮಗೆಲ್ಲ ಗೊತ್ತು, ಇಲ್ಲಿ ಬೇಡ.

ಬೇಕಾದದ್ದು 2023ರ ಮಾರ್ಚ್ 4. ಸೌದಿ ಅರೇಬಿಯಾದ ರಿಯಾದ್. ಸಂತೋಷ್ ಟ್ರೋಫಿಯ ಸೆಮಿಫೈನಲ್, ಫೈನಲ್ ಮೊದಲ ಸಲ ದೇಶದಾಚೆ ನಡೆದವು. ಸೆಮಿಫೈನಲ್‌ನಲ್ಲಿ ಸರ್ವಿಸಸ್ ತಂಡವನ್ನು 3-1ರಿಂದ ಸೋಲಿಸಿದ ಕರ್ನಾಟಕ, ಫೈನಲ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿತು. 54 ವರ್ಷದ ಮೇಲೆ ಬಂದ ಕಪ್ಪು, ಕರ್ನಾಟಕ ಅನ್ನುವ ಹೆಸರಿಗೆ ಬಂದ ಮೊದಲನೇ ಕಪ್ಪು. ಸುನಿಲ್ ಕುಮಾರ್, ಬೇಕೆ ಓರಂ, ರಾಬಿನ್ ಯಾದವ್, ಗೋಲು ಹೊಡೆದ ಮೂವರ ಹೆಸರು ಇಷ್ಟೇ. ಈ ಹೊತ್ತಿಗೆ ಸೂಪರ್ ಡಿವಿಜನ್ ಪಟ್ಟಿಯೂ ಬದಲಾಗಿತ್ತು. ಎಂಇಜಿ, ಎಎಸ್‌ಸಿ, ಎಡಿಇ ಜೊತೆಗೆ ಕಿಕ್‌ಸ್ಟಾರ್ಟ್, ಎಫ್‌ಸಿ ಬೆಂಗಳೂರು ಯುನೈಟೆಡ್, ರೆಬೆಲ್ಸ್ ಅಂತ ಖಾಸಗಿ ಕ್ಲಬ್ಬುಗಳು. ಕೊಡಗು ಎಫ್‌ಸಿ ಅಂತಲೂ ಒಂದು. ಕಚೇರಿಯದ್ದಲ್ಲದ, ಬೆಂಗಳೂರಿನದ್ದೂ ಅಲ್ಲದ, ಒಂದು ಜಿಲ್ಲೆಯ ಹೆಸರು ಆ ಪಟ್ಟಿಯಲ್ಲಿ ನೋಡಿ ನನಗೆ ಖುಷಿ, ಸ್ವಲ್ಪ ಹೊಟ್ಟೆಕಿಚ್ಚು ಎರಡೂ ಆಯಿತು.

ಎಡಿಇ ಅಂದೆನಲ್ಲ. ನೆನಪಿಟ್ಟುಕೊಳ್ಳಿ ಅಂತ ಆಗ ಹೇಳಿದ ಕಾವಲು ಇಲ್ಲಿಗೆ ಬರುತ್ತದೆ.

ಎಡಿಇ ಅಂದರೆ ಪೈಲಟ್ ಇಲ್ಲದ ವಿಮಾನಗಳನ್ನು ತಯಾರಿಸುವ ಡಿಆರ್‌ಡಿಒ ಪ್ರಯೋಗಾಲಯ. 2009-10ರ ಸುಮಾರಿಗೆ ಚಳ್ಳಕೆರೆ ತಾಲೂಕಿನ ಅಮೃತಮಹಲ್ ಕಾವಲುಗಳನ್ನು ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಬಾಬಾ ಅಣುಶಕ್ತಿ ಕೇಂದ್ರ, ಇಸ್ರೋಗೆ ಹಂಚಿದರು. ಕ್ರಮವಾಗಿ 4,290, 1,500, 1,810, 573 ಎಕರೆ. ಕೂಡಿದರೆ ಎಂಟು ಸಾವಿರ ಎಕರೆ ದಾಟುತ್ತದೆ. ಡಿಆರ್‌ಡಿಒದ 4,290 ಎಕರೆಯಲ್ಲಿ ಎಡಿಇಯ ಪರೀಕ್ಷಾ ವಲಯ ಆಯಿತು. ರಸ್ತುಂ-2 ಅನ್ನುವ ಡ್ರೋನು 2016ರ ನವೆಂಬರಿನಲ್ಲಿ ಇಲ್ಲಿಂದಲೇ ಮೊದಲು ಹಾರಿತು, 2017ರ ಮೇ 28ರಂದು ಆಗಿನ ರಕ್ಷಣಾ ಸಚಿವ ಅರುಣ್ ಜೇಟ್ಲಿ ಬಂದು ಉದ್ಘಾಟನೆ ಮಾಡಿದರು. ಕುರಿ, ದನ ಮೇಯಿಸುತ್ತಿದ್ದ ಹಳ್ಳಿಯವರಿಗೆ ಒಂದು ದಿನ ಕಾಂಪೌಂಡು ಎದುರಾಯಿತು. ಪ್ರತಿಭಟನೆ ಆಯಿತು, ಹಸಿರು ನ್ಯಾಯಮಂಡಳಿಗೂ ಹೋದರು. ಆ ಜಗಳದ ಸರಿತಪ್ಪು ದೊಡ್ಡ ವಿಷಯ, ಅದನ್ನು ಬೇರೆಯಾಗಿಯೇ ಬರೆಯಬೇಕು.

ನಾನು ಹೇಳಹೊರಟಿದ್ದು ಸಣ್ಣದು. ಬೆಂಗಳೂರಿನಲ್ಲಿ ಇಂಥದ್ದೇ ಸಂಸ್ಥೆಗಳು ಬಂದಾಗ ನೂರಾರು ನೌಕರಿ ಬಂತು, ಕಾಲೊನಿ ಬಂತು, ಮೈದಾನ ಬಂತು, ತಂಡ ಬಂತು, ಪಕ್ಕದ ಕೇರಿಯ ಹುಡುಗ ಆ ತಂಡಕ್ಕೆ ಆಡಿ ಕೆಲಸ ಹಿಡಿದ. ಇಲ್ಲಿಗೆ ಅದೇ ಸಂಸ್ಥೆ ಬಂದಾಗ ಬಂದದ್ದು ರನ್‌ವೇ. ವಿಮಾನಕ್ಕೇ ಪೈಲಟ್ ಬೇಡ ಅಂದಮೇಲೆ ಹತ್ತೊಂಬತ್ತು ವರ್ಷದ ಫಾರ್ವರ್ಡ್ ಯಾರಿಗೆ ಬೇಕು? ಅವರ ಕಡೆಯಿಂದ ಕಾಂಪೌಂಡು ದಾಟಿ ನಮ್ಮ ಕಡೆ ಬಿದ್ದದ್ದು ಚೆಂಡಲ್ಲ, ಡ್ರೋನು. 2019ರ ಸೆಪ್ಟೆಂಬರ್ 17ರ ಬೆಳಿಗ್ಗೆ ಜೋಡಿ ಚಿಕ್ಕೇನಹಳ್ಳಿ ಹತ್ತಿರ ಅಡಿಕೆ ತೋಟದಲ್ಲಿ. ಜನ ಜಾತ್ರೆಯ ಹಾಗೆ ನೋಡಲು ಹೋಗಿದ್ದರು. ಹೊರಗೆ ಬಂದದ್ದನ್ನು ವಾಪಸ್ ಒದೆಯುವ ಹಾಗಿರಲಿಲ್ಲ ಅಷ್ಟೇ.

ಇನ್ನು ಬಿಸಿಲಿನ ಮಾತು. ಮೊಳಕಾಲ್ಮೂರಿನಿಂದ ಬಳ್ಳಾರಿ ದಾಟಿದರೆ ತೋರಣಗಲ್ಲು. ಅಲ್ಲಿ ಬಿಸಿಲು ನಮಗಿಂತ ಒಂದು ಕೈ ಮೇಲೆ. ಜಿಂದಾಲ್ ಉಕ್ಕಿನ ಕಾರ್ಖಾನೆಯವರೇ ಬೆಂಗಳೂರು ಎಫ್‌ಸಿಯ ಮಾಲೀಕರು. 2018ರಲ್ಲಿ ಅಲ್ಲೇ ಒಂದು ಕ್ರೀಡಾ ಸಂಸ್ಥೆ ತೆರೆದರು, ಅದೇ ಸುಮಾರಿನಲ್ಲಿ ಬಿಎಫ್‌ಸಿಯ ಹುಡುಗರ ವಸತಿ ಅಕಾಡೆಮಿಯೂ ಅಲ್ಲಿಗೆ ಬಂತು. ಬಳ್ಳಾರಿ ಬಿಸಿಲಿನಲ್ಲಿ ಹಸಿರು ಹುಲ್ಲಿನ ಮೇಲೆ ದೇಶದ ನಾನಾ ಕಡೆಯ ಹುಡುಗರು ಆಡಿದರು. ಚೆಂಡು ಇಲ್ಲೂ ಸಂಬಳ ಕೊಡುವವನ ಹಿಂದೆಯೇ ಬಂದಿದೆ, ದಂಡಿನ ಬದಲು ಉಕ್ಕು, ಅಷ್ಟೇ ವ್ಯತ್ಯಾಸ.

ಪೂರ್ವಕ್ಕೆ ತಿರುಗಿದರೆ ಕಲ್ಯಾಣದುರ್ಗ, ರಾಯದುರ್ಗ, ಅದರಾಚೆ ಅನಂತಪುರ. ನಮ್ಮಷ್ಟೇ ಬರ, ನಮ್ಮದೇ ಕಡಲೆಕಾಯಿ, ಗಡಿಯ ಹಳ್ಳಿಗಳಲ್ಲಿ ನಮ್ಮದೇ ಕನ್ನಡ. ವಿಸೆಂಟೆ ಫೆರರ್ ಅನ್ನುವ ಸ್ಪೇನಿನವರು 1969ರಲ್ಲಿ ಅಲ್ಲಿಗೆ ಬಂದು ಗ್ರಾಮೀಣ ಅಭಿವೃದ್ಧಿ ಟ್ರಸ್ಟ್ ಕಟ್ಟಿದರು. ಬಾವಿ, ಆಸ್ಪತ್ರೆ, ಮನೆ, ಶಾಲೆ ಅಂತ ಶುರುವಾದದ್ದು ಕೊನೆಗೆ ಮೈದಾನಕ್ಕೂ ಬಂತು. ಫೆರರ್ 2009ರಲ್ಲಿ ತೀರಿಕೊಂಡರು. ಮರುವರ್ಷ ಟೆನ್ನಿಸಿನ ನಡಾಲ್ ಅಲ್ಲಿ ಮಕ್ಕಳಿಗೆ ಶಾಲೆ ತೆರೆದ, ಸ್ಪೇನಿನ ಲಾ ಲಿಗಾದವರು ಫುಟ್‌ಬಾಲಿಗೆ ಕೈಜೋಡಿಸಿದರು, ಹಳ್ಳಿ ಮಕ್ಕಳಿಗೇ ಅಂತ ಅನಂತಪುರ ಫುಟ್‌ಬಾಲ್ ಲೀಗ್ ನಡೆಸಿದರು. ಹುಡುಗಿಯರೂ ಆಡುತ್ತಾರೆ. ಕೂಲಿಗೆ ಹೋಗುವವರ, ಕುರಿ ಕಾಯುವವರ ಮಕ್ಕಳು. ಕಾರ್ಖಾನೆ ಇಲ್ಲ, ಕ್ರೀಡಾ ಕೋಟಾ ಇಲ್ಲ. ನನ್ನ ಸಂಬಳದ ಸಿದ್ಧಾಂತಕ್ಕೆ ಅನಂತಪುರ ಪೂರ್ತಿ ಒಗ್ಗುವುದಿಲ್ಲ, ಮತ್ತು ಹಾಗೆ ಒಗ್ಗದೆ ಇರುವುದೇ ನನಗೆ ಹಿಡಿಸಿದ್ದು. ಅಲ್ಲಿ ಯಾರೋ ಒಬ್ಬರು ಮೈದಾನ ಮಾಡಿಕೊಟ್ಟರು, ವಾರ ವಾರ ಪಂದ್ಯ ಇಟ್ಟರು, ಚೆಂಡನ್ನು ಬೀರುವಿನಿಂದ ಹೊರಗೆ ತೆಗೆದರು.

ಪೂರಾ ಅಳತೆಯ ಫುಟ್‌ಬಾಲ್ ಮೈದಾನ ಅಂದರೆ 105 ಮೀಟರ್ ಉದ್ದ, 68 ಮೀಟರ್ ಅಗಲ. ಲೆಕ್ಕ ಹಾಕಿ ನೋಡಿದೆ, ಎರಡು ಎಕರೆಗೂ ಕಡಿಮೆ. 4,290ರಲ್ಲಿ ಎರಡು. ಕಾಂಪೌಂಡಿನ ಹೊರಗೆ, ರಸ್ತೆ ಪಕ್ಕ ಕೊಟ್ಟರೂ ಸಾಕು, ಜಾಲಿ ನಾವೇ ಕೀಳುತ್ತೇವೆ. ಎಡಿಇ ತಂಡದವರು ಹಂಗಾಮು ಶುರುವಾಗುವ ಮುಂಚೆ ವರ್ಷಕ್ಕೊಂದು ಅಭ್ಯಾಸ ಪಂದ್ಯವನ್ನು ಬೆಂಗಳೂರಿನ ಬದಲು ಇಲ್ಲಿ ಆಡಲಿ. ಎದುರಾಳಿ ತಂಡ ಕಟ್ಟುವ ಕೆಲಸ ನಮ್ಮದು. ಮೊದಲ ವರ್ಷ ಹತ್ತು ಗೋಲಿನಿಂದ ಸೋಲುತ್ತೇವೆ ಅಂತ ಗೊತ್ತು, ಯುಗೊಸ್ಲಾವಿಯ ಎದುರು ಅಹ್ಮದ್ ಖಾನ್ ಕೂಡ ಹಾಗೆಯೇ ಸೋತರು. ಅರ್ಜಿಯ ಕರಡು ಬರೆದಿಟ್ಟಿದ್ದೇನೆ. ನಾಯಕನಹಟ್ಟಿ, ತಳಕು, ರಾಂಪುರ, ದೊಡ್ಡಉಳ್ಳಾರ್ತಿ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಸಹಿ ಹಾಕಲು ಬನ್ನಿ. ಒಂಬತ್ತು ಸಹಿ ಆಗಿದೆ, ಒಂದು ತಂಡಕ್ಕೆ ಇನ್ನೂ ಇಬ್ಬರು ಬೇಕು.